ಓದು ಮುಗಿದ ಮೇಲೆ

ಜನವರಿ 6. ತಮ್ಮನಿಂದ ಅಕ್ಕನಿಗೆ, ವಾಯ್ಸ್ ನೋಟ್

ಅಕ್ಕಾ, ಶಿಫ್ಟ್ ಮುಗಿಸಿ ಈಗಷ್ಟೇ ಬಂದೆ. ರೂಮಲ್ಲಿ ಎಲ್ಲಾ ಮಲಗಿದಾರೆ, ಅದಕ್ಕೇ ಹೊರಗೆ ಮೆಟ್ಟಿಲ ಮೇಲೆ ಕೂತು ಕಳ್ಳನ ಥರ ಮಾತಾಡ್ತಿದೀನಿ. ನಿನ್ನ ಮೆಸೇಜ್ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ. ಇಬ್ಬರು ಮಕ್ಕಳು, ಹೊಲಿಗೆ ಮೆಷಿನ್ನು, ಒಂದು ಕಡೆ ಮೈ ಬಿದ್ದುಹೋದ ಅಬ್ಬ, ಇಷ್ಟರ ಮಧ್ಯೆ ನಿನಗೆ ಕುರ್‌ಆನ್ ಓದೋದು ಕಲಿಯೋ ಯೋಚನೆ ಎಲ್ಲಿಂದ ಬಂತು? ಅದೂ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಕ ಇಟ್ಕೊಂಡು.

ಕಲಿ, ಬೇಡ ಅನ್ನಲ್ಲ. ಆದ್ರೆ ಆ ಪುಸ್ತಕ ನಂಬಿದ್ರೆ ಅರ್ಧ ದಾರೀಲಿ ಇಳಿಸಿಬಿಡುತ್ತೆ. ನಮಗೆ 'ಹ' ಒಂದೇ, ಅವರಿಗೆ ಎರಡು. 'ಕ'ನೂ ಎರಡು, ಒಂದು ನಮ್ಮದೇ, ಇನ್ನೊಂದು ಕಿರುನಾಲಿಗೆ ಹತ್ರದಿಂದ ಬರಬೇಕು. 'ಸ' ಅಂತೂ ಕೇಳಲೇಬೇಡ. ಇದು ಬಾಯಿಂದ ಬಾಯಿಗೆ ಬರೋ ವಿದ್ಯೆ. ನೀನು ಓದಿ ಕಳಿಸು, ನಾನು ಕೇಳಿ ತಿದ್ತೀನಿ. ಅಬ್ಬ ನನ್ನನ್ನ ಆರು ವರ್ಷ ಮದರಸಾಕ್ಕೆ ಕಳಿಸಿದ್ದು ಒಂದು ಕೆಲಸಕ್ಕಾದ್ರೂ ಬರಲಿ.

ಅಬ್ಬನಿಗೆ ಈಗಲೇ ಹೇಳಬೇಡ ಅಂದಿದೀಯ. ಹೇಳಲ್ಲ. ಅವರ ಲೆಕ್ಕದಲ್ಲಿ ಓದು ನನ್ನ ಪಾಲು, ಮನೆಗೆಲಸ ನಿನ್ನ ಪಾಲು ಅಲ್ವಾ. ಇಲ್ಲಿ ಪರದೇಶದಲ್ಲಿ ನಾನು ಹೋಟೆಲಿನವರ ಬೆಡ್‌ಶೀಟ್ ಒಗೆದು ಒಣಗಿಸಿ ಮಡಚ್ತಿದೀನಿ. ನಾನು ಮನೆಗೆಲಸಕ್ಕೆ, ನೀನು ಓದಿಗೆ. ಚೆನ್ನಾಗಿದೆ ಅದಲುಬದಲು.

ಜನವರಿ 14. ಅಕ್ಕನ ವಾಯ್ಸ್ ನೋಟ್, ಓದು ಮುಗಿದ ಮೇಲೆ

ಸರಿ, ಇಷ್ಟೇ. ಮೊದಲನೇ ಅಧ್ಯಾಯ ಫಾತಿಹಾ ಒಂದೇ. ಅಡುಗೆಮನೆ ಬಾಗಿಲು ಹಾಕ್ಕೊಂಡು ಓದಿದ್ದು, ನಡುವೆ ಕುಕ್ಕರ್ ಕೂಗಿದ್ದು ನನ್ನ ತಪ್ಪಲ್ಲ. ತಮ್ಮಾ, ಗಂಟಲಿಂದ ಬರೋ ಆ 'ಹ' ಬಂತಾ ನನಗೆ? ಅದನ್ನ ಅಭ್ಯಾಸ ಮಾಡೋಕೆ ಕೂತ್ರೆ ನಿನ್ನ ಭಾವ ಓಡಿ ಬಂದು ನೀರು ಕೊಡ್ತಾರೆ, ಏನೋ ಸಿಕ್ಕಾಕ್ಕೊಂಡಿದೆ ಅಂತ. ಸರಿ ಇಲ್ಲ ಅಂದ್ರೆ ಸರಿ ಇಲ್ಲ ಅನ್ನು. ಅಕ್ಕ ಅಂತ ಮುಲಾಜು ಬೇಡ.

ಇನ್ನೊಂದು. ಚಿಕ್ಕೋಳಿಗೆ ಮುಂದಿನ ಹಲ್ಲು ಬಿತ್ತು. ಮಾಮನಿಗೆ ಹೇಳು ಅಂದ್ಲು. ಏನಂತ ಹೇಳ್ಲೇ ಅಂದ್ರೆ, 'ಬರೀ ಬಿತ್ತು ಅಂತ ಹೇಳು ಸಾಕು, ಉಳಿದಿದ್ದು ಮಾಮನೇ ಕೇಳ್ತಾರೆ' ಅಂದ್ಲು. ಕೇಳ್ತಿದೀಯ ತಾನೆ?

ಜನವರಿ 15. ತಮ್ಮ

ಕೇಳಿದೆ ಅಕ್ಕಾ. ತುಂಬಾ ಚೆನ್ನಾಗಿದೆ, ಎಲ್ಲಾ ಸರಿ ಇದೆ. ಹೀಗೇ ಮುಂದುವರಿಸು. ಇಲ್ಲಿ ಶೀಟ್ ಒತ್ತೋ ರೋಲರ್ ಕೆಟ್ಟು ಎಲ್ಲಾ ಕೈಯಲ್ಲೇ ಇಸ್ತ್ರಿ ಮಾಡೋ ಹಾಗಾಗಿದೆ. ನನ್ನ ಜೊತೆಯವನು ಒಬ್ಬ ಇದಾನೆ, ಮೀಸೆ ಅಂತ ಕರೀತೀವಿ, ಅವನ ಮೀಸೆ ಹಬೆಗೆ ಜೋಲು ಬಿದ್ದು ಒಗೆದ ಬೆಕ್ಕಿನ ಥರ ಆಗಿದಾನೆ. ನಿದ್ದೆ ಬರ್ತಿದೆ. ಅಬ್ಬನಿಗೆ ಸಲಾಂ ಹೇಳು.

ಫೆಬ್ರವರಿ 2. ಅಕ್ಕ, ಓದು ಮುಗಿದ ಮೇಲೆ

ಉಸಿರು ಸಾಲಲ್ಲ ಕಣೋ. ಕಾಯಿಲೆಯವರ ಪಕ್ಕ ಕೂತು ಓದೋ ಯಾಸೀನ್ ಅಧ್ಯಾಯ ಇವತ್ತು ಅರ್ಧಕ್ಕೆ ಬಂದೆ. ನೀನು ಪ್ರತಿ ಸಲ ಚೆನ್ನಾಗಿದೆ ಅಂತೀಯಲ್ಲ, ಆ ಧೈರ್ಯದ ಮೇಲೇ ಇಲ್ಲೀವರೆಗೂ ಬಂದಿದ್ದು. ಹಲ್ಲಿನ ವಿಷಯ ಮಾಮ ಕೇಳಲೇ ಇಲ್ಲ ಅಂತ ಚಿಕ್ಕೋಳಿಗೆ ಕೋಪ. ಸುಸ್ತಾಗಿರ್ತಾರೆ ಬಿಡೇ ಅಂದೆ.

ಈಗ ಸ್ವಲ್ಪ ಗಮನ ಇಟ್ಟು ಕೇಳು. ನೀನು ಫೋನ್ ಮಾಡಿದಾಗ ಇದನ್ನ ಹೇಳೋಕಾಗಲ್ಲ, ಅಬ್ಬ ಅಲ್ಲೇ ಮಲಗಿರ್ತಾರೆ. ನಿನ್ನೆ ಡಾಕ್ಟರ್ ನೋಡಿ, ಇನ್ನೊಂದು ಸಲ ಈ ಥರ ಆದ್ರೆ ಕಷ್ಟ, ಮಾತೂ ಹೋಗಬಹುದು ಅಂದ್ರು. ಅಬ್ಬ ಕೇಳಿಸಿಕೊಂಡಿದಾರೆ. ಆಗಿಂದ ಒಂದೇ ಮಾತು. 'ಚಕ್ರ ಯಾವಾಗ ಬರ್ತಾನೆ? ಅವನ ಬಾಯಲ್ಲಿ ಒಂದ್ಸಲ ಯಾಸೀನ್ ಕೇಳಬೇಕು.' ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದವನು ಅಂತ ಬೈಕೊಂಡು ಇಟ್ಟ ಹೆಸರು, ಈಗ ಜಪ ಮಾಡ್ತಿದಾರೆ.

ನೀನು ರಜ ಹಾಕಿ ಬರೋ ಹಾಗಿದ್ರೆ ಹೇಳು, ಕಾಯೋಣ. ಆಗೋದೇ ಇಲ್ಲ ಅಂದ್ರೆ ನಾನು ಕಲಿತಿರೋದನ್ನ ಅಬ್ಬನಿಗೆ ಹೇಳಿ, ನಾನೇ ಕೂತು ಓದ್ತೀನಿ. ಆದ್ರೆ ನಿನ್ನ ಜಾಗದಲ್ಲಿ ನಾನಾಗೇ ಹೋಗಿ ಕೂರಲ್ಲ. ನೀನು ಹೇಳಿದ ಹಾಗೆ. ಏನು ಮಾಡ್ಲಿ? ಕೇಳ್ತಿದೀಯ ತಾನೆ?

ಫೆಬ್ರವರಿ 3. ತಮ್ಮ

ಕೇಳಿದೆ ಅಕ್ಕಾ. ತುಂಬಾ ಚೆನ್ನಾಗಿ ಬಂದಿದೆ. ಧೈರ್ಯವಾಗಿ ಮುಂದುವರಿಸು, ನನ್ನನ್ನ ಏನೂ ಕೇಳೋದೇ ಬೇಕಾಗಿಲ್ಲ. ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿದೆ. ಊರಿಗೆ ಹೋಗೋ ರಜ ಇಲ್ಲಿ ಪಾಳಿ ಪ್ರಕಾರ ಬರುತ್ತೆ, ಈ ಸಲ ನಂದಿತ್ತು. ಮೀಸೆ ಹೆಂಡತಿಗೆ ದಿನ ತುಂಬಿದೆ ಅಂತ ಅವನಿಗೆ ಬಿಟ್ಟುಕೊಟ್ಟೆ. ನನಗೇನು ಅರ್ಜೆಂಟು? ಅವನು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟ. ಪುಣ್ಯ ಬರುತ್ತೆ ಅಲ್ವಾ.

ಫೆಬ್ರವರಿ 11. ಅಕ್ಕ

ಇವತ್ತು ಓದು ಕಳಿಸ್ತಿಲ್ಲ. ಎರಡು ಮಾತು ಹೇಳಿ ಇಡ್ತೀನಿ. ನೀನು ಹೇಳಿದ ಹಾಗೇ ಮಾಡಿದೆ. ಅವನು ರಜ ಸ್ನೇಹಿತನಿಗೆ ಕೊಟ್ಟಿದಾನೆ, ನನಗೇ ಓದು ಅಂದಿದಾನೆ ಅಂತ ಅಬ್ಬನಿಗೆ ಹೇಳಿದೆ. 'ಹಾಗಂದ್ನಾ' ಅಂದ್ರು. ಆಮೇಲೆ ಗೋಡೆ ಕಡೆ ತಿರುಗಿಸು ಅಂದ್ರು, ತಿರುಗಿಸಿದೆ. ಅವರ ಬೆನ್ನ ಹಿಂದೆ ಕೂತು ಓದಿದೆ. ಈಗ ನಿನ್ನ ಕೇಳೋದು ನಿಲ್ಲಿಸಿದಾರೆ. ನಿಂಗೂ ಕಷ್ಟ ಇರುತ್ತೆ, ನನಗೆ ಗೊತ್ತು. ಆದ್ರೂ 'ನನಗೇನು ಅರ್ಜೆಂಟು' ಅನ್ನೋ ಮಾತು ನೀನು ಆಡಬಾರದಿತ್ತು. ಅದನ್ನ ಅಬ್ಬನಿಗೆ ಹೇಳಿಲ್ಲ.

ಫೆಬ್ರವರಿ 12. ತಮ್ಮ

ಅಕ್ಕಾ, ಏನು ಹೇಳ್ತಿದೀಯ? ನನ್ನ ರಜಕ್ಕೂ ಅಬ್ಬನಿಗೂ ಏನು ಸಂಬಂಧ, ಯಾರು ಓದು ಅಂದಿದ್ದು? ನಿನ್ನ ಹಳೇ ನೋಟನ್ನ ಈಗ ಹಾಕಿ ನೋಡಿದೆ. ಆ ಕೊನೇ ಮಾತು ಆವತ್ತು ನನಗೆ ಕೇಳಿಸೇ ಇರಲಿಲ್ಲ. ಓದು ಮುಗಿದ ತಕ್ಷಣ ನಿಂತುಹೋಗಿತ್ತು. ಈ ಹಾಳು ಫೋನು, ಹಬೆಗೆ ಇಟ್ಟು ಇಟ್ಟು ಸ್ಪೀಕರ್ ಆಗಾಗ ಕೈಕೊಡುತ್ತೆ. ಅಬ್ಬನಿಗೆ ಹೇಳು, ಕೇಳಿಸಿದ್ರೆ ಅವನು ಓಡಿ ಬರ್ತಿದ್ದ ಅಂತ ಹೇಳು. ಮೀಸೆ ಹೊರಟುಹೋದ, ಅವನು ವಾಪಸ್ ಬರೋ ತನಕ ನನ್ನ ಬಿಡಲ್ಲ ಇವರು. ಬಂದ ತಕ್ಷಣ ನಾನು ಹೊರಡ್ತೀನಿ. ಹೇಳ್ತೀಯ ತಾನೆ?

ಫೆಬ್ರವರಿ 14. ಅಕ್ಕ

ಅಯ್ಯೋ ನಿನ್ನ. ಎಂಥಾ ಪಾಪಿ ನಾನು, ನಿನ್ನ ಬಗ್ಗೆ ಏನೇನೆಲ್ಲಾ ಅಂದ್ಕೊಂಡೆ. ಭಾವ ಆವತ್ತೇ ಹೇಳಿದ್ರು, ಹುಡುಗ ಹಾಗಲ್ಲ, ಏನೋ ಹೆಚ್ಚುಕಮ್ಮಿ ಆಗಿದೆ ಅಂತ. ಅಬ್ಬನ ಹತ್ರ ಓಡಿ ಹೋಗಿ ಫೋನಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ್ರು. ಆಮೇಲೆ 'ಹೊಸ ಫೋನ್ ತಗೋಳಕ್ ಹೇಳು ಆ ಕತ್ತೆಗೆ' ಅಂದ್ರು. ನಕ್ಕರು ತಮ್ಮಾ, ಬಾಯಿ ಒಂದೇ ಕಡೆ ಹೋದ್ರೂ ನಕ್ಕರು. ಈಗ ಮತ್ತೆ ಶುರು, ಚಕ್ರ ಎಲ್ಲಿಗೆ ಬಂದ, ಚಕ್ರ ಎಲ್ಲಿಗೆ ಬಂದ.

ಇನ್ನೊಂದು ವಿಷಯ, ಇದು ನಂದು. ಮಸೀದಿ ಪಕ್ಕದ ಕೋಣೇಲಿ ಸಣ್ಣ ಮಕ್ಕಳಿಗೆ ಓದಿಸ್ತಾರಲ್ಲ, ಆ ಟೀಚರ್ ಮದುವೆಯಾಗಿ ಹೋಗ್ತಿದಾರೆ. ಅವರ ಜಾಗಕ್ಕೆ ನನ್ನ ಕೇಳಿದಾರೆ. ನನ್ನನ್ನ. ನಾನು ಓದ್ತೀನಿ ಅಂತ ಚಿಕ್ಕೋಳು ಎಲ್ಲರ ಹತ್ರ ಡಂಗುರ ಹೊಡೆದಿದಾಳೆ. ಯಾರು ತಿದ್ದಿದ್ದು ಅಂತ ಟೀಚರ್ ಕೇಳಿದ್ರು. ತಮ್ಮ, ಒಂದು ಬಿಡದೆ ಕೇಳಿ ತಿದ್ದಿದಾನೆ ಅಂದೆ. ನಾಡಿದ್ದು ಸಾಯಂಕಾಲ ಎಲ್ಲರ ಮುಂದೆ ಓದಿ ತೋರಿಸಬೇಕು. ಹುಡುಗಿಯಾಗಿದ್ದಾಗ ಆ ಕೋಣೆ ಕಿಟಕಿ ಹತ್ರ ನಿನ್ನ ಚಪ್ಪಲಿ ಕಾಯ್ಕೊಂಡು ನಿಲ್ತಿದ್ದೆ. ಈಗ ಒಳಗೆ, ಚಾಪೆ ಮೇಲೆ. ಕೇಳ್ತಿದೀಯ ತಾನೆ?

ಫೆಬ್ರವರಿ 16. ತಮ್ಮ

ಅಕ್ಕಾ, ಹೋಗಬೇಡ. ಏನಾದ್ರೂ ನೆಪ ಹೇಳು, ತಲೆನೋವು ಅನ್ನು, ಇವತ್ತು ಹೋಗಬೇಡ. ಯಾಕೆ ಅಂತ ಹೇಳ್ತೀನಿ, ಫೋನ್ ಮಾಡಿ ಹೇಳೋ ಧೈರ್ಯ ಸಾಲ್ತಿಲ್ಲ, ತಡ್ಕೋ.

ಫೋನ್ ಕೆಟ್ಟಿರಲಿಲ್ಲ. ನಾನು ಕೇಳ್ತಾನೇ ಇರಲಿಲ್ಲ. ನಿನ್ನ ನೋಟ್ ಬಂದ್ರೆ ಸೌಂಡ್ ಪೂರ್ತಿ ಇಳಿಸಿ, ಪ್ಲೇ ಒತ್ತಿ, ಫೋನನ್ನ ಬಟ್ಟೆ ಗಾಡಿ ಮೇಲೆ ಇಟ್ಟು ಶೀಟ್ ಮಡಚೋಕೆ ಹೋಗ್ತಿದ್ದೆ. ನಿನ್ನ ಕಡೆ, ಕೇಳಿದಾನೆ ಅನ್ನೋ ನೀಲಿ ಗುರುತು ಬಿದ್ರೆ ಸಾಕು ಅಂತ. ಚಿಕ್ಕ ನೋಟ್ ಆದ್ರೆ ಕೇಳ್ತಿದ್ದೆ. ಉದ್ದ ಇದ್ರೆ ಅದು ಓದು, ಚೆನ್ನಾಗಿದೆ ಅಂದ್ರಾಯ್ತು.

ಸುಸ್ತಿಗೆ ಅಂತ ಹೇಳಬಹುದು. ಸುಸ್ತಲ್ಲ. ಮೊದಲನೇದನ್ನ ಸ್ವಲ್ಪ ಕೇಳಿದ್ದೆ. ನಿನ್ನ 'ಹ' ಸರಿ ಇದೆಯಾ ಅಂತ ಕೇಳಿದ್ರೆ ಹೇಳೋಕೆ ನನಗೇ ಗೊತ್ತಿಲ್ಲ. ಆರು ವರ್ಷ, ಆರು ವರ್ಷ ಅಂತ ಮನೇಲಿ ಎಲ್ಲರೂ ಹೇಳ್ತೀರ, ನಾನೂ ಹೇಳ್ಕೊಂಡು ತಿರುಗ್ತೀನಿ. ಈಗ ಬಾಯಲ್ಲಿ ಉಳಿದಿರೋದು ನಮಾಜಿಗೆ ಬೇಕಾದಷ್ಟು. ಮರೆತಿದೀನಿ ಅಂತ ಬೇರೆ ಯಾರ ಹತ್ರ ಬೇಕಾದ್ರೂ ಹೇಳ್ತಿದ್ದೆ, ನಿನ್ನ ಹತ್ರ ಬಾಯಿ ಬರಲಿಲ್ಲ.

ನಿನ್ನೆ ವಾರದ ರಜ ಇತ್ತು. ನಿನ್ನ ನೋಟ್ ಎಲ್ಲಾ ಕೂತು ಕೇಳಿದೆ. ಇನ್ನೊಂದು ಫೋನಲ್ಲಿ ಒಬ್ಬ ದೊಡ್ಡ ಖಾರಿ ಕುರ್‌ಆನ್ ಓದಿದ್ದನ್ನ ಹಾಕ್ಕೊಂಡು, ಅವರದೊಂದು ಸಾಲು, ನಿನ್ನದೊಂದು ಸಾಲು. ಎರಡು 'ಕ'ನೂ ಒಂದೇ ಮಾಡ್ತಿದೀಯ ಅಕ್ಕಾ. ಎಳೀಬೇಕಾದ ಕಡೆ ಎಳೆಯಲ್ಲ. ಉಸಿರು ಮುಗಿದ ಕಡೆ ನಿಲ್ತೀಯ, ಪದದ ನಡುವೇನೇ. ಮೊದಲ ವಾರದಲ್ಲೇ ಯಾರಾದ್ರೂ ಹೇಳಿದ್ರೆ ಸರಿಹೋಗ್ತಿತ್ತು. ಈಗ ನಾಲಿಗೆಗೆ ಕೂತುಬಿಟ್ಟಿದೆ. ಕೂರಿಸಿದ್ದು ನಾನು.

ಓದು ಮುಗಿದ ಮೇಲೆ ನೀನು ಮಾತಾಡಿದ್ದನ್ನೂ ಕೇಳಿದೆ. ಹಲ್ಲು ಬಿದ್ದಿದ್ದು. ಮೆಷಿನ್ ಸೂಜಿ ನಿನ್ನ ಬೆರಳಿಗೆ ಹೊಕ್ಕಿದ್ದು. ಭಾವ ರಾತ್ರಿ ಎದ್ದು ಎದ್ದು ಅಬ್ಬನ ಮಗ್ಗುಲು ಬದಲಾಯಿಸೋದು. ಪ್ರತಿ ಸಲ ಕೊನೇಲಿ ಕೇಳ್ತಿದೀಯ ತಾನೆ ಅಂತ ಕೇಳ್ತೀಯ. ನಿನ್ನ ದನಿ ಮುಗಿಯೋ ಹೊತ್ತಿಗೆ ನಾನು ಬೇರೆ ಗಾಡಿ ತಳ್ಕೊಂಡು ಹೋಗಿರ್ತಿದ್ದೆ.

ಅಬ್ಬನ ಹತ್ರ ಒಳ್ಳೆಯವನಾಗೋಕೆ ನಿನಗೆ ಫೋನಿನ ಸುಳ್ಳು ಹೇಳಿದೆ. ಓದನ್ನಾದ್ರೂ ಪೂರ್ತಿ ಕೇಳಿದಾನೆ ಅಂತ ನಂಬ್ಕೊಂಡು ನೀನು ಹತ್ತು ಜನರ ಮುಂದೆ ಕೂರ್ತೀಯ ಅಂತ ಗೊತ್ತಿರಲಿಲ್ಲ. ಬೈಯಿ. ಈಗಲೇ ಫೋನ್ ಮಾಡಿ ಬೈಯಿ. ಹೋಗಬೇಡ ಮಾತ್ರ.

ಫೆಬ್ರವರಿ 19. ತಮ್ಮ

ಅಕ್ಕಾ? ನೀಲಿ ಗುರುತು ಬಿದ್ದಿದೆ. ಹೋದ್ಯಾ, ಇಲ್ವಾ, ಅಷ್ಟು ಮಾತ್ರ ಹೇಳು.

ಫೆಬ್ರವರಿ 26. ತಮ್ಮ

ಭಾವನಿಗೆ ಫೋನ್ ಮಾಡಿದ್ದೆ. 'ಅವಳು ಚೆನ್ನಾಗಿದಾಳೆ, ಬ್ಯುಸಿ ಇದಾಳೆ' ಅಂದ್ರು. ಭಾವನಿಗೆ ಸುಳ್ಳು ಹೇಳೋಕೆ ಬರಲ್ಲ, ಪಾಪ. ಇಲ್ಲಿ ಒಂದು ಅಂಗಡಿ ಮೇಲಿನ ರೂಮಲ್ಲಿ ದೊಡ್ಡವರಿಗೆ ಓದು ಕಲಿಸ್ತಾರೆ, ಸೇರ್ಕೊಂಡೆ. ಲಾರಿ ಡ್ರೈವರ್ ಒಬ್ಬ, ಪ್ಲಂಬರ್ ಒಬ್ಬ, ನಾನು. ಆರು ವರ್ಷ ಕಲಿತಿದೀನಿ ಅಂತ ಹೇಳಲಿಲ್ಲ. ಮೊದಲನೇ ಅಕ್ಷರದಿಂದ ಶುರು ಮಾಡಿಸಿದ್ರು. ಸಿಕ್ಕಿಬೀಳಲಿಲ್ಲ, ಅಷ್ಟು ಮರೆತಿದ್ದೆ.

ಮಾರ್ಚ್ 5. ಅಕ್ಕ

ಹೋಗಿದ್ದೆ. ನಿನ್ನ ನೋಟ್ ಬಂದಾಗ ಮನೆ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ತಿದ್ದೆ. ಉದ್ದ ಇತ್ತು. ಒಳ್ಳೇದಾಗಲಿ ಅಂತ ಏನೋ ಹೇಳಿರ್ತಾನೆ, ಬಂದು ಸಮಾಧಾನವಾಗಿ ಕೇಳೋಣ ಅಂತ ಬಿಟ್ಟೆ. ನಾವಿಬ್ಬರೂ ಒಂದೇ ಮನೆಯವರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಓದಿದೆ. ಒಳ್ಳೇ ದನಿ ಏರಿಸಿ ಓದಿದೆ. ಹಿಂದಿನ ಸಾಲಲ್ಲಿ ಒಂದು ಮಗು ಕಿಸಕ್ ಅಂತು. ನಾನು ಯಾಸೀನ್ ಎರಡು ಸಾಲು ದಾಟೋ ಹೊತ್ತಿಗೆ ಟೀಚರ್ ಬೆರಳೆತ್ತಿದ್ರು. ಒಳ್ಳೇ ಹೆಂಗಸು, ಎಲ್ಲರ ಮುಂದೆ ಏನೂ ಅನ್ನಲಿಲ್ಲ. ಆಮೇಲೆ ಹೊರಗೆ ಕರೆದು ಕೇಳಿದ್ರು, 'ನಿನ್ನ ತಮ್ಮನಿಗೆ ನಿನ್ನ ಮೇಲೆ ಹಳೇ ಹಗೆ ಏನಾದ್ರೂ ಇದೆಯೇನಮ್ಮಾ?' ಇಲ್ಲ ಅಂದೆ, ತುಂಬಾ ಪ್ರೀತಿ ಅಂದೆ. ಮನೆಗೆ ಬಂದು ನಿನ್ನ ನೋಟ್ ಹಾಕಿದೆ.

ಚಿಕ್ಕ ಅಧ್ಯಾಯಗಳ ಮೊದಲಲ್ಲೇ ಬರೋ 'ಕುಲ್' ಅಂದ್ರೆ 'ಹೇಳು' ಅಂತ. ನಮ್ಮ ಕನ್ನಡದ 'ಕ' ಹಾಕಿದ್ರೆ 'ತಿನ್ನು' ಆಗುತ್ತಂತೆ. ಒಂದೂವರೆ ತಿಂಗಳು ದಿನಾ ತಿನ್ನು ತಿನ್ನು ಅಂತ ಓದಿದೀನಿ. ನೀನು ಚೆನ್ನಾಗಿದೆ ಅಂದೆ.

ಆ ಕೆಲಸ ಬೇರೆಯವರಿಗೆ ಹೋಯ್ತು. ನಾನು ಈಗ ಅದೇ ಕೋಣೇಲಿ ಆರು ವರ್ಷದ ಮಕ್ಕಳ ಸಾಲಲ್ಲಿ ಕೂರ್ತೀನಿ, ಚಿಕ್ಕೋಳ ಪಕ್ಕ. ಅವಳೇ ನನಗೆ ದೊಡ್ಡವಳು, ತಪ್ಪಿದ್ರೆ ಮೊಣಕೈಯಲ್ಲಿ ತಿವೀತಾಳೆ. 'ಹ'ಗೆ ಬಾಯಿ ಮುಂದೆ ಕನ್ನಡಿ ಹಿಡೀತಾರೆ, ಹಬೆ ಕೂರೋ ಹಾಗೆ ಊದಬೇಕು. ಒಂದೇ ವಾರದಲ್ಲಿ ಬಂತು. ಅಷ್ಟೇ ಇತ್ತು ಅದು.

ಆ ರಾತ್ರಿ ಅತ್ತಿದ್ದು ಕೆಲಸ ತಪ್ಪಿದ್ದಕ್ಕಲ್ಲ. ಅಡುಗೆಮನೆ ಬಾಗಿಲು ಹಾಕ್ಕೊಂಡು ಓದುವಾಗ, ಅಷ್ಟು ದೂರದಲ್ಲಿ ನನ್ನವನೊಬ್ಬ ಕಿವಿಗೊಟ್ಟು ಕೂತಿದಾನೆ ಅಂದ್ಕೊಂಡಿದ್ದೆ. ನಾನು ಬಟ್ಟೆ ಗಾಡಿಗೆ ಓದ್ತಿದ್ದೆ.

ಅಬ್ಬನಿಗೆ ಏನೂ ಹೇಳಿಲ್ಲ. ನಿನ್ನ ಫೋನಿನ ಸುಳ್ಳನ್ನ ನನ್ನ ಬಾಯಿಂದಲೇ ಹೇಳಿಸಿದೀಯ. ಅದನ್ನ ಬಿಡಿಸೋದು ನಿನ್ನ ಕೆಲಸ. ನಾನು ಫೋನ್ ಹಿಡ್ಕೊಳ್ತೀನಿ, ಅಷ್ಟೇ.

ಮಾರ್ಚ್ 8. ತಮ್ಮನಿಂದ ಅಬ್ಬನಿಗೆ

ಅಬ್ಬಾ, ನಾನು. ಅಕ್ಕ ಫೋನನ್ನ ನಿಮ್ಮ ಒಳ್ಳೇ ಕಿವಿ ಹತ್ರ ಹಿಡಿದಿರ್ತಾಳೆ. ನಡುವೆ ಬೈಬೇಕು ಅನ್ಸಿದ್ರೆ ನಿಲ್ಲಿಸೋಕೆ ಹೇಳಿ ಬೈಯಿರಿ.

ನನ್ನ ಫೋನ್ ಸರಿಯಾಗೇ ಇದೆ. ನೀವು ನನ್ನ ಕೇಳ್ತಿದೀರ ಅಂತ ಅಕ್ಕ ಹೇಳಿ ಕಳಿಸಿದ್ಲು. ನಾನು ಅದನ್ನ ಕೇಳದೆ, ಕೇಳಿದೆ ಅಂದೆ. ರಜ ಕೈಯಲ್ಲೇ ಇತ್ತು, ಬೇರೆಯವನಿಗೆ ಕೊಟ್ಟೆ. ಆಮೇಲೆ ತಪ್ಪನ್ನ ಫೋನ್ ಮೇಲೆ ಹಾಕಿದೆ. ಅದು ಸುಳ್ಳು ಅಂತ ಅಕ್ಕನಿಗೆ ಗೊತ್ತಿರಲಿಲ್ಲ.

ಇನ್ನೊಂದು ಅಬ್ಬಾ. ನನಗೆ ಯಾಸೀನ್ ಬರಲ್ಲ. ಊರಿಗೆ ಬಂದಿದ್ರೂ ಓದೋಕಾಗ್ತಿರಲಿಲ್ಲ. ಈಗ ಮತ್ತೆ ಮೊದಲಿಂದ ಕಲೀತಿದೀನಿ. ಫಾತಿಹಾ ಓದ್ತೀನಿ, ಅಷ್ಟೇ ಸರಿಯಾಗಿ ಬರೋದು. ಮೀಸೆ ಇನ್ನೂ ವಾಪಸ್ ಬಂದಿಲ್ಲ. ಅವನು ಬಂದ ದಿನ ನಾನು ಹೊರಡಬಹುದು. ಬರಬೇಡ ಅಂದ್ರೆ ಬರಲ್ಲ.

ಓದ್ತೀನಿ.

ಮಾರ್ಚ್ 10. ಅಕ್ಕ

ಅಬ್ಬ ಕೇಳಿದ್ರು. 'ಕೇಳದೆ, ಕೇಳಿದೆ ಅಂದೆ' ಅಂತ ನೀನು ಹೇಳೋ ಕಡೆ ಕಣ್ಣು ಮುಚ್ಚಿದ್ರು, ನಿದ್ದೆ ಬಂತೇನೋ ಅಂದ್ಕೊಂಡೆ. ನಿನ್ನ ಫಾತಿಹಾ ಮುಗಿದ ಮೇಲೆ 'ಇನ್ನೊಂದ್ಸಲ ಹಾಕು' ಅಂದ್ರು. ಹಾಕಿದೆ. 'ಯಾಸೀನ್ ಬರಲ್ವಂತಾ?' ಅಂದ್ರು. ಬರಲ್ವಂತೆ ಅಂದೆ. 'ಮತ್ತೆ ಇಷ್ಟು ದಿನ ನಾನು ಯಾರಿಗೆ ಕಾಯ್ತಿದ್ದೆ?' ಅಂದ್ರು.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆಗೆ ತಿರುಗಿಸು ಅಂದ್ರು. ಗೋಡೆ ಕಡೆಯಿಂದ ಈ ಕಡೆಗೆ. 'ನೀನು ಓದು' ಅಂದ್ರು. ಇನ್ನೂ ತಪ್ಪು ಬರುತ್ತೆ ಅಬ್ಬಾ, ಕಲೀತಿದೀನಿ ಅಂದೆ. 'ಬರಲಿ. ಎದುರಿಗೆ ಕೂತಿದೀಯಲ್ಲ' ಅಂದ್ರು. ರೂಢಿಯಂತೆ ರೆಕಾರ್ಡ್ ಒತ್ತಿ ಯಾಸೀನ್ ಪೂರ್ತಿ ಓದಿದೆ, ಕೊನೇತನಕ. ಆಮೇಲೆ ನಿನ್ನ ಬಗ್ಗೆ ಒಂದೇ ಮಾತು. 'ಇದನ್ನ ಅವನಿಗೆ ಕಳಿಸು. ಪೂರ್ತಿ ಕೇಳಲಿ. ಕೇಳಿದ ಮೇಲೆ ಬರೋ ಮನಸ್ಸಾದ್ರೆ ಬರಲಿ.'

ಇದರ ಹಿಂದೆ ಕಳಿಸ್ತಿದೀನಿ. ಉದ್ದ ಇದೆ. ಓದು ಮುಗಿದ ಮೇಲೆ ಏನೂ ಮಾತಾಡಿಲ್ಲ. ನಿನಗೆ ಹೇಳೋದು ಏನಾದ್ರೂ ಇದ್ರೆ ಇನ್ಮೇಲೆ ಬೇರೆ ಕಳಿಸ್ತೀನಿ, ಚಿಕ್ಕದಾಗಿ.

ಮಾರ್ಚ್ 11. ತಮ್ಮ

ಅಕ್ಕಾ, ಕೇಳಿದೆ. ಚೆನ್ನಾಗಿದೆ ಅಂತ ಹೇಳಲ್ಲ, ಆ ಮಾತು ನಾನೇ ಹಾಳು ಮಾಡಿದೀನಿ. ಕಿರುನಾಲಿಗೆ ಹತ್ರದ 'ಕ' ಬಂದಿದೆ. ಎಳೆಯೋದು ಎರಡು ಕಡೆ ಕಮ್ಮಿ ಆಯ್ತು, ಎಲ್ಲಿ ಅಂತ ಟೀಚರ್ ಹೇಳ್ತಾರೆ, ನಾನು ಬೇಡ. ಮೀಸೆ ಬರೋದು ಇನ್ನೂ ಎರಡು ವಾರ ಅಂತೆ. ಟಿಕೆಟಿಗೆ ಹೇಳಿದೀನಿ. ಅಬ್ಬನಿಗೆ ಅದನ್ನ ನಾನೇ ಹೇಳ್ತೀನಿ.

ಅರ್ಧ ದಾಟಿದ ಮೇಲೆ ಒಂದು ಕಡೆ ನಿನಗೆ ಉಸಿರು ಸಾಲದೆ ನಿಂತೆ. ಅಲ್ಲಿ ಅಬ್ಬ 'ಹ್ಞೂಂ, ಮುಂದೆ' ಅಂದಿದಾರೆ, ಮೆಲ್ಲಗೆ. ಆ ಜಾಗ ಒಂದನ್ನೇ ವಾಪಸ್ ಹಾಕ್ಕೊಂಡು ಹಾಕ್ಕೊಂಡು ಕೇಳ್ತಿದೀನಿ. ನನಗೆ ಹೇಳಿದ್ದಲ್ಲ ಅದು, ಗೊತ್ತು.